ನಡುಕ ತೆಗೆಯುತ್ತಿದ್ದ ಕಾಕಾ

ಅವರ ಅಂಗಡಿಯಲ್ಲಿ ಒಂದು ಕ್ಯಾಸೆಟ್ ಇತ್ತು. ಅದರಲ್ಲಿ ಹಾಡಿರಲಿಲ್ಲ, ಮಾತೂ ಇರಲಿಲ್ಲ. ಹಾರ್ಮೋನಿಯಂನ ಒಂದು ಬಿಳಿ ಮನೆಗೆ ಬೆಂಕಿಕಡ್ಡಿ ಸಿಕ್ಕಿಸಿ, ಅರ್ಧ ಗಂಟೆ ತಿದಿ ಒತ್ತುತ್ತ ಕುಳಿತು, ಒಂದೇ ಒಂದು ಸ್ವರವನ್ನು ಅವರೇ ತುಂಬಿಸಿಟ್ಟಿದ್ದ ಕ್ಯಾಸೆಟ್ ಅದು. ಯಾರಾದರೂ ಟೇಪ್ ರೆಕಾರ್ಡರ್ ರಿಪೇರಿಗೆ ತಂದರೆ ಅವರು ಮೊದಲು ಸ್ಕ್ರೂಡ್ರೈವರ್ ಹಿಡಿಯುತ್ತಿರಲಿಲ್ಲ. ಈ ಕ್ಯಾಸೆಟ್ ಹಾಕಿ, ಕಣ್ಣು ಮುಚ್ಚಿ, ಕುತ್ತಿಗೆಯನ್ನು ಎಡಕ್ಕೆ ವಾಲಿಸಿ ಕೇಳುತ್ತಿದ್ದರು. ಸ್ವರ ನೆಟ್ಟಗೆ ನಿಂತರೆ ಸರಿ. ಕೂದಲೆಳೆಯಷ್ಟು ಅಲ್ಲಾಡಿದರೂ ಅವರ ಹುಬ್ಬು ಗಂಟಾಗುತ್ತಿತ್ತು. ಗಂಗಾವತಿಯ ಬಸ್‌ಸ್ಟ್ಯಾಂಡಿನ ಹಿಂದಿನ ಆ ಓಣಿಯಲ್ಲಿ ಹಾದುಹೋಗುವವರಿಗೆ ಅವರು ದಿನವಿಡೀ ತೂಕಡಿಸುವ ಮನುಷ್ಯನಂತೆ ಕಾಣುತ್ತಿದ್ದರು. "ಕಾಕಾ, ನಿದ್ದಿ ಆತೇನ್ರಿ?" ಎಂದು ಚೇಷ್ಟೆ ಮಾಡಿದವರಿಗೆ ಕಣ್ಣು ತೆರೆಯದೆಯೇ, "ಎಲ್ಲಿ ಆತಪಾ, ನೀ ಬಂದು ಕೆಡಿಸಿದಿ," ಎನ್ನುತ್ತಿದ್ದರು.

ಹೋದ ತಿಂಗಳು ಅವರು ತೀರಿಕೊಂಡರು. ಸುದ್ದಿ ಕೇಳಿದ ದಿನ ನಾನು ಮೊದಲು ಮಾಡಿದ ಕೆಲಸವೆಂದರೆ ಅಟ್ಟದ ಮೇಲಿದ್ದ ಗಿಟಾರಿನ ಪೆಟ್ಟಿಗೆ ಇಳಿಸಿ, ಅದರೊಳಗಿನ ಒಂದು ಕಬ್ಬಿಣದ ಡಬ್ಬಿಯನ್ನು ಹೊರತೆಗೆದದ್ದು. ಡಬ್ಬಿಯ ಮೇಲೆ ಮೂರು ಗುಂಡಿಗಳು. ಪ್ರತಿ ಗುಂಡಿಯ ಪಕ್ಕ ಒಂದು ಬಿಳಿ ಚುಕ್ಕಿ, ಒಂದು ಕೆಂಪು ಚುಕ್ಕಿ. ಎರಡೂ ಅವರು ಇಟ್ಟದ್ದು. ಇಷ್ಟು ವರ್ಷವಾದರೂ ಚುಕ್ಕಿಗಳು ಅಳಿಸಿಲ್ಲವೆಂದು ಕಂಡು ನನಗೆ ಅಳು ಬಂತು. ಮನುಷ್ಯ ಎಂಥೆಂಥದಕ್ಕೆ ಅಳುತ್ತಾನೆ ನೋಡಿ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅವರೇ ಬರೆಸಿದವರಲ್ಲ. ಅಂಗಡಿಗೆ ಬೋರ್ಡೇ ಇರಲಿಲ್ಲ. ಒಂದು ಬೋರ್ಡ್ ಹಾಕಿಸಿರಿ ಎಂದು ನಾನೊಮ್ಮೆ ಹೇಳಿದ್ದಕ್ಕೆ, "ಕೆಟ್ಟ ಮಷೀನು ಹೊತ್ಕೊಂಡು ಬಂದಾವ ಕೇಳ್ಕೋತ ಬರ್ತಾನ. ಮಷೀನು ನೆಟ್ಟಗಿದ್ದಾವಗ ನನ್ನ ಹೆಸರು ಯಾಕ ಬೇಕ್ರಿ ಮಾಸ್ತರ?" ಎಂದಿದ್ದರು. ಊರಿಗೆಲ್ಲ ಅವರು ಕಾಕಾ. ಅವರಿಗಿಂತ ಹಿರಿಯರೂ ಕಾಕಾ ಎನ್ನುತ್ತಿದ್ದರು.

ಕೊಪ್ಪಳ ಜಿಲ್ಲೆಯಾದ ವರ್ಷ, 1997ರಲ್ಲಿ, ನಾನು ಕುಷ್ಟಗಿಯಿಂದ ಗಂಗಾವತಿಗೆ ಶಾಲೆಯ ಮಾಸ್ತರನಾಗಿ ಬಂದೆ. ಜೋಳದ ಸೀಮೆಯವನು ಭತ್ತದ ಸೀಮೆಗೆ ಬಂದಿದ್ದೆ. ರೊಟ್ಟಿ ಸಿಗದೆ ಮುಖ ಸಪ್ಪಗೆ ಮಾಡಿಕೊಂಡು ತಿರುಗುತ್ತಿದ್ದೆ. ಸಾಮಾನೆಂದರೆ ಒಂದು ಹಾಸಿಗೆ, ಧಾರವಾಡದಲ್ಲಿ ಓದುವಾಗ ಕೊಂಡ ಗಿಟಾರು, ಒಂದು ಟೇಪ್ ರೆಕಾರ್ಡರ್. ಗುರುವಿಲ್ಲದ ವಿದ್ಯೆ ನನ್ನದು. ಟೇಪಿನಲ್ಲಿ ಹಾಡು ಹಾಕಿ, ಗಿಟಾರನ್ನು ಅದಕ್ಕೆ ಕೂಡಿಸಿಕೊಂಡು, ಒತ್ತಿ ಒತ್ತಿ ಕಲಿತದ್ದು. ಆದರೆ ಯಾರ ಜೊತೆ ಬಾರಿಸಲು ಕುಳಿತರೂ ನನ್ನ ಸ್ವರ ಒಂದು ಕಡೆ, ಅವರದು ಇನ್ನೊಂದು ಕಡೆ. ಗಿಟಾರೇ ಸರಿಯಿಲ್ಲವೆಂದು ಅದರ ಕಿವಿ ತಿರುವಿ ತಿರುವಿ ತಂತಿ ಹರಿದಿದ್ದವು. ಒಮ್ಮೆ ಟೇಪಿನ ಬೆಲ್ಟ್ ತುಂಡಾಯಿತೆಂದು ಕಾಕಾನ ಅಂಗಡಿಗೆ ಹೋದೆ. ಬೆಲ್ಟ್ ಹಾಕಿ, ಒಂದು ಸ್ವರದ ಆ ಕ್ಯಾಸೆಟ್ ಕೇಳಿಸಿಕೊಂಡು ಅವರು ನನ್ನತ್ತ ತಿರುಗಿದರು.

"ಇದು ಎಷ್ಟು ವರ್ಷದಿಂದ ಹಿಂಗ ಓಡಾಕತ್ತೈತ್ರಿ?"

"ಹಿಂಗ ಅಂದ್ರ?"

"ಜೋರು ಓಡತೈತಿ. ಎಲ್ಲಾ ಹಾಡು ಅರ್ಧ ಮನಿ ಮ್ಯಾಲೆ ಹೇಳತೈತಿ."

ಮೂರು ವರ್ಷ ಕಲಿತ ಅಷ್ಟೂ ಹಾಡು ಅರ್ಧ ಸ್ವರ ಮೇಲೆ! ನಾನು ಗಿಟಾರಿನ ವಿಷಯ ಹೇಳಿಕೊಂಡೆ. ಕಾಕಾ ಹೊಟ್ಟೆ ಹಿಡಿದುಕೊಂಡು ನಕ್ಕರು. "ಬಡಪಾಯಿ ಗಿಟಾರಿನ ಕಿವಿ ಹಿಂಡೀರಲ್ರೀ ಮಾಸ್ತರ. ಸುಳ್ಳು ಹೇಳಿದ್ದು ಇದು, ಏಟು ತಿಂದಿದ್ದು ಅದು. ಸಾಲ್ಯಾಗೂ ಹಿಂಗ ಏನ್ರಿ?" ಅಂದಿನಿಂದ ನನ್ನನ್ನು ಕಂಡಾಗಲೆಲ್ಲ, ಇವತ್ತು ಯಾರ ಕಿವಿ ಹಿಂಡಿದಿರಿ ಎಂದು ಕೇಳುವುದು ಅವರ ನಮಸ್ಕಾರವಾಯಿತು.

ಅವರ ಹಟದ ಕಥೆಗಳು ಊರಲ್ಲಿ ಬೇಕಾದಷ್ಟಿದ್ದವು. ಅಕ್ಕಿ ಗಿರಣಿಯ ಸಾಹುಕಾರರೊಬ್ಬರ ಟೇಪ್ ರೆಕಾರ್ಡರನ್ನು ಹದಿನೈದು ದಿನ ಇಟ್ಟುಕೊಂಡಿದ್ದರು. ಸಾಹುಕಾರರು ಸಿಟ್ಟಿನಿಂದ ತಾವೇ ಬಂದರು. "ನನ್ನ ಗಿರಣಿ ಮೋಟಾರ್ ಒಂದ ದಿನದಾಗ ರೆಡಿ ಆಗತೈತಿ. ಈ ಹೆಬ್ಬಟ್ಟಿನಷ್ಟು ಮೋಟಾರಿಗೆ ಹದಿನೈದು ದಿನ ಬೇಕೇನು?" ಕಾಕಾ ತಲೆಯೆತ್ತಲಿಲ್ಲ. "ನಿಮ್ಮ ಮೋಟಾರ್ ಅಕ್ಕಿ ಹಾಕತೈತ್ರಿ ಸಾಹುಕಾರ್ರ, ಇದು ಮನಷ್ಯಾನ ಧ್ವನಿ ಹಾಕತೈತಿ. ಅಕ್ಕಿ ನುಚ್ಚಾದ್ರ ಉಪ್ಪಿಟ್ಟು ಮಾಡ್ಕೊಂಡು ತಿನ್ನಬಹುದು. ಧ್ವನಿ ನುಚ್ಚಾದ್ರ ಏನು ಮಾಡ್ತೀರಿ?" ಸಾಹುಕಾರರು ಅಲ್ಲೇ ಸ್ಟೂಲಿನ ಮೇಲೆ ಕುಳಿತರು. ಚಹಾ ತರಿಸಿ ಕುಡಿದು ಹೋದರು.

ಇನ್ನೊಮ್ಮೆ ಮದುವೆ ಊಟಕ್ಕೆ ಅವರ ಪಕ್ಕದ ಎಲೆಗೆ ಕುಳಿತಿದ್ದೆ. ಚಪ್ಪರದಲ್ಲಿ ಶಹನಾಯಿ ಕ್ಯಾಸೆಟ್ ಹಾಕಿದ್ದರು. ಅದು ತುಸು ಎಳೆಯುತ್ತಿತ್ತಂತೆ. ನನಗೆ ಕೇಳಿಸಿರಲಿಲ್ಲ. ಕಾಕಾ ಕೈಯಲ್ಲಿದ್ದ ಅರ್ಧ ಲಾಡನ್ನು ಎಲೆಯಲ್ಲಿಟ್ಟು, ಎದ್ದು, ಕೈ ತೊಳೆದುಕೊಂಡು ಮೈಕ್‌ಸೆಟ್‌ನವನ ಕಡೆ ಹೋದರು. ಟೇಪಿನ ರೋಲರನ್ನು ಸ್ಪಿರಿಟ್ ಹಚ್ಚಿದ ಅರಳೆಯಿಂದ ಒರೆಸಿ ಬರುವಷ್ಟರಲ್ಲಿ ಎಲೆ ಎತ್ತಿಬಿಟ್ಟಿದ್ದರು. ಅವರಿಗೆ ಅದರ ಪರಿವೆಯೇ ಇಲ್ಲ. ಗಿರಾಕಿಗಳು ಬೇಸತ್ತು, "ಇರಲಿ ಬಿಡ್ರಿ ಕಾಕಾ, ಇಷ್ಟು ಅಲ್ಲಾಡಿದ್ರ ನಡಿತೈತಿ," ಎಂದರೆ ಮಾತ್ರ ಅವರಿಗೆ ನಿಜವಾದ ಸಿಟ್ಟು ಬರುತ್ತಿತ್ತು. ಇರಲಿ ಬಿಡ್ರಿ ಎಂಬ ಮಾತು ಆ ಅಂಗಡಿಯಲ್ಲಿ ಬೈಗುಳಕ್ಕೆ ಸಮ. ಹಾಗೆಂದವರ ಮಷೀನನ್ನು ಅರ್ಧಕ್ಕೇ ವಾಪಸು ಕೊಟ್ಟು ಕಳಿಸಿದ್ದನ್ನು ನಾನೇ ಕಂಡಿದ್ದೇನೆ. ಇದು ಅತಿಯಾಯಿತೆಂದು ನನಗೂ ಅನಿಸುತ್ತಿತ್ತು. ಹೇಳುವ ಧೈರ್ಯವಿರಲಿಲ್ಲ.

ಇಂಥ ಮನುಷ್ಯನ ಮುಂದೆ ನಾನು ಆ ಡಬ್ಬಿಯನ್ನು ಒಯ್ದು ಇಟ್ಟೆನಲ್ಲ, ಅದೇ ನನ್ನ ಕಥೆ.

ಗಂಗಾವತಿಗೆ ಬಂದು ಆರೇಳು ವರ್ಷವಾಗಿತ್ತು. ಊರಿನ ಒಂದು ರಸಮಂಜರಿ ತಂಡದಲ್ಲಿ ನಾನು ಗಿಟಾರ್ ಬಾರಿಸುತ್ತಿದ್ದೆ. ಮದುವೆ, ಗಣಪತಿ, ಕಾಲೇಜಿನ ಗ್ಯಾದರಿಂಗ್ ಎಂದು ಕೊಪ್ಪಳ, ಕುಷ್ಟಗಿ, ಯಲಬುರ್ಗಾ ಸುತ್ತುತ್ತಿದ್ದೆವು. ವಾರವೆಲ್ಲ ಮಗ್ಗಿ ಹೇಳಿಸುವವನಿಗೆ ವೇದಿಕೆಯ ಮೂಲೆಯ ಆ ಕುರ್ಚಿ ಎಷ್ಟು ದೊಡ್ಡದೆಂದು ಹೇಗೆ ಹೇಳಲಿ? ಅಲ್ಲಿ ಕುಳಿತಾಗ ಮಾತ್ರ ನಾನು ನನಗೆ ಬೇಕಾದ ಮನುಷ್ಯನಾಗಿರುತ್ತಿದ್ದೆ. ಅಷ್ಟರಲ್ಲಿ ತಂಡದ ಯಜಮಾನರು, ಅಂದರೆ ನಮ್ಮ ಹಾಡುಗಾರರು, ಹೈದರಾಬಾದಿನಿಂದ ಹೊಸ ಕೀಬೋರ್ಡ್ ತಂದರು. ಅದರಲ್ಲಿ ಕೊಳಲು, ವಯೊಲಿನ್, ಶಹನಾಯಿ ಎಲ್ಲ ಇದ್ದವು. ಗಿಟಾರೂ ಇತ್ತು.

"ನಿಮಗ ಅನ್ನಾಕ ನನಗ ಸಂಕಟ ಆಗತೈತ್ರಿ ಮಾಸ್ತರ," ಎಂದರು ಯಜಮಾನರು. "ಖರೆ ಹೇಳ್ತೀನಿ, ಕೇಳೋ ಮಂದಿಗೆ ಫರಕ್ ಗೊತ್ತಾಗಂಗಿಲ್ಲ. ಮುಂದಿನ ವಾರ ಎರಡು ಪ್ರೋಗ್ರಾಮ್ ಅದಾವ, ಶ್ರೀರಾಮನಗರದಾಗ ಒಂದು ಮದುವಿ, ಕುಷ್ಟಗ್ಯಾಗ ಕಾಲೇಜಿಂದು. ನಿಮ್ಮ ಗಿಟಾರಿನಾಗ ಏನರ ಹೊಸದು ಕೇಳಿಸಿದ್ರ ನೋಡೂಣು."

ಹೊಸಪೇಟೆಯ ಗಿಟಾರಿಸ್ಟ್ ಒಬ್ಬ ತನ್ನ ಪೆಡಲ್ ಮಾರುತ್ತಿದ್ದಾನೆಂದು ಕೇಳಿದ್ದೆ. ಕಾಲಿನಿಂದ ಒತ್ತಿ ಚಾಲೂ ಮಾಡುವ ಡಬ್ಬಿ ಅದು. ಗಿಟಾರಿನ ವೈರು ಅದರೊಳಗೆ ಹೊಕ್ಕು ಹೊರಬಂದರೆ ಸ್ವರ ಅಲೆಯಾಗಿ ತೇಲುತ್ತದೆ, ಇಬ್ಬರು ಕೂಡಿ ಬಾರಿಸಿದಂತೆ ಕೇಳುತ್ತದೆ, ಸುಳಿಯಂತೆ ತಿರುಗುತ್ತದೆ. ಹೀಗೆ ಹನ್ನೊಂದು ಬಗೆ. ಒಂದು ಗುಂಡಿ ಬಗೆಯನ್ನು ಆರಿಸಲು, ಒಂದು ಅಲೆಯ ವೇಗಕ್ಕೆ, ಒಂದು ಅದು ಎಷ್ಟಿರಬೇಕು ಎಂಬುದಕ್ಕೆ. ಬೆಲೆ ನನ್ನ ತಿಂಗಳ ಸಂಬಳಕ್ಕಿಂತ ಜಾಸ್ತಿ. ಎಂಟು ದಿನ ಇಟ್ಟುಕೊಂಡು ನೋಡು, ಬೇಡವಾದರೆ ವಾಪಸು ತಾ ಎಂದು ಆ ಪುಣ್ಯಾತ್ಮ ಕೊಟ್ಟು ಕಳಿಸಿದ. ನಾನು ಬಸ್ಸಿನಿಂದ ಇಳಿದವನೇ ಮನೆಗೂ ಹೋಗದೆ ಕಾಕಾನ ಅಂಗಡಿಗೆ ಹೋದೆ. ಕೊಳ್ಳಬೇಕೋ ಬೇಡವೋ ಎಂದು ಹೇಳಬಲ್ಲ ಕಿವಿ ಊರಿನಲ್ಲಿ ಅದೊಂದೇ ಎಂದು ನನ್ನ ನಂಬಿಕೆ.

ಡಬ್ಬಿ ಜೋಡಿಸಿ, ನನಗೆ ಬಲು ಇಷ್ಟವಾಗಿದ್ದ ಒಂದು ಬಗೆಯಲ್ಲಿ ಬಾರಿಸಿದೆ. ಕಾಕಾ ಕಣ್ಣು ಮುಚ್ಚಿ, ಕುತ್ತಿಗೆ ವಾಲಿಸಿ, ಎರಡೇ ಕ್ಷಣದಲ್ಲಿ ಕಣ್ಣು ತೆರೆದರು.

"ಕೆಟ್ಟೈತ್ರಿ ಇದು."

"ಇಲ್ರಿ ಕಾಕಾ, ಅದು ಇರೂದ ಹಂಗ."

"ಅಲ್ಲಾಡಾಕತ್ತೈತಲ್ರೀ!"

"ಅಲ್ಲಾಡ್ಸೂದ ಅದರ ಕೆಲಸ."

ಅವರು ನನ್ನ ಮುಖವನ್ನೊಮ್ಮೆ, ಡಬ್ಬಿಯನ್ನೊಮ್ಮೆ ನೋಡಿದರು. "ಮೂವತ್ತು ವರ್ಷ ಆತು, ನಾ ಮಂದಿ ಮಷೀನಿನಾಗಿಂದು ಈ ನಡುಕಾ ತಗ್ಯಾಕತ್ತೀನಿ. ಈಗ ನೀವು ರೊಕ್ಕಾ ಕೊಟ್ಟು ಅದನ್ನ ಹಾಕ್ಸಾಕತ್ತೀರಿ?"

ನಾನು ನನ್ನ ಕುರ್ಚಿಯ ಸಂಗತಿ ಹೇಳಿದೆ. ನಗುವರೆಂದುಕೊಂಡಿದ್ದೆ, ನಗಲಿಲ್ಲ. "ಹನ್ನೊಂದು ಕೆಲಸ ಬರ್ತಾವ ಅನ್ನೋ ಆಳು ಬಂದ್ರ ಮೊದಲ ಯಾವ ಕೆಲಸಕ್ಕ ಹಚ್ಚಬೇಕು ಅನ್ನೂದ ತಿಳ್ಯಂಗಿಲ್ರಿ. ನಾಳೆ ಐತವಾರ. ಮುಂಜಾನಿ ಬರ್ರಿ, ಒಂದೊಂದ ಕೇಳೂಣು," ಎಂದರು.

ಭಾನುವಾರ ನಡೆದದ್ದನ್ನು ನೆನೆದರೆ ಈಗಲೂ ನನ್ನ ಬೆರಳು ನೋಯುತ್ತವೆ. ಹಾಡು ಬಾರಿಸಲು ಬಿಡಲಿಲ್ಲ. "ಒಂದ ಸ್ವರಾ ಬಾರಸ್ರಿ" ಎಂದರು. ಒಂದೇ ತಂತಿ, ಒಂದೇ ಸ್ವರ, ಮತ್ತೆ ಮತ್ತೆ. ಅವರು ಗುಂಡಿಗಳನ್ನು ಕೂದಲಿನಷ್ಟು ಕೂದಲಿನಷ್ಟೇ ತಿರುಗಿಸುತ್ತ ಹೋದರು. ನಡುವೆ ಡಬ್ಬಿಯನ್ನು ಬಿಚ್ಚಿ, ಒಳಗಿನ ಬೆಸುಗೆ ನೋಡಿ, "ಯಾರು ಮಾಡ್ಯಾರೋ, ಕೈ ಛಲೋ ಐತಿ," ಎಂದು ಕಾಣದ ಯಾರಿಗೋ ತಲೆದೂಗಿದರು. ಒಂಬತ್ತನೆಯದೋ ಹತ್ತನೆಯದೋ ಬಗೆಗೆ ಬಂದಾಗ ಅವರ ಕೈ ನಿಂತಿತು. ಸ್ವರ ವಿಚಿತ್ರವಾಗಿ ಓಲಾಡುತ್ತಿತ್ತು. ಕುಡಿದ ಮನುಷ್ಯ ಕಾಲುದಾರಿಯಲ್ಲಿ ನಡೆದಂತೆ ಇತ್ತು. ಇದನ್ನಂತೂ ಬೈಯುತ್ತಾರೆಂದು ಕಾದೆ.

"ಮತ್ತೊಮ್ಮೆ," ಎಂದರು. ಬಾರಿಸಿದೆ. "ಇನ್ನೊಮ್ಮೆ," ಎಂದರು. ಆಮೇಲೆ ಎದ್ದು ಹೊರಗೆ ಹೋಗಿ ಚಹಾ ಅಂಗಡಿಯ ಮುಂದೆ ನಿಂತರು. ಚಹಾ ಕುಡಿಯಲೂ ಇಲ್ಲ. ಒಳಗೆ ಬಂದವರೇ ವೈರುಗಳಿಗೆ ಗುರುತು ಹಚ್ಚುವ ಬಿಳಿ ಪೇಂಟಿನ ಡಬ್ಬಿ ತೆಗೆದು, ಕಡ್ಡಿಯ ತುದಿಯಿಂದ ಮೂರು ಗುಂಡಿಗಳ ಪಕ್ಕ ಒಂದೊಂದು ಚುಕ್ಕಿ ಇಟ್ಟರು. ಇನ್ನೂ ನನ್ನದಾಗದ ಡಬ್ಬಿಯ ಮೇಲೆ!

"ಇದು ನಾನು ಬಾರಿಸೂದೇನ್ರಿ ಕಾಕಾ?"

"ಅಲ್ಲ. ಅದು ನಂದು. ನಿಮ್ಮದು ಅಂಗಡ್ಯಾಗ ಗೊತ್ತಾಗಂಗಿಲ್ಲ. ಶ್ರೀರಾಮನಗರಕ್ಕ ನಾನೂ ಬರ್ತೀನಿ ನಡೀರಿ." ಮುಂದೆ ಕೇಳಬೇಡ ಎಂಬುದು ಅವರ ಮುಖದಲ್ಲೇ ಇತ್ತು. ಕೇಳಲಿಲ್ಲ.

ಶ್ರೀರಾಮನಗರದಲ್ಲಿ ಆಂಧ್ರದಿಂದ ಬಂದು ನೆಲೆಸಿದ ಭತ್ತದ ರೈತರ ಮನೆಯ ಮದುವೆ. ಮಧ್ಯಾಹ್ನದ ಊಟವಾಗಿ ಜನ ಎಲೆಯಡಿಕೆ ಮೆಲ್ಲುತ್ತ ಕುಳಿತಿದ್ದರು. ಎರಡನೆಯ ಹಾಡಿಗೆ ನಾನು ಎದೆ ಗಟ್ಟಿ ಮಾಡಿಕೊಂಡು ಪೆಡಲ್ ಒತ್ತಿದೆ. ಹೊಸದು ಕೇಳಿಸಬೇಕಲ್ಲ, ಮೂರನೆಯ ಗುಂಡಿಯನ್ನು ಕೊನೆಯವರೆಗೂ ತಿರುಗಿಸಿಟ್ಟಿದ್ದೆ. ಸ್ವರ ತೊಟ್ಟಿಲಿನಂತೆ ತೂಗಿತು. ಆನಂದದಿಂದ ನನ್ನ ಕಣ್ಣು ಮುಚ್ಚಿದವು.

"ಬ್ಯಾಟರೀಲು ಅಯಿಪೋಯಾಯಿ!" ಎಂದು ಮುಂದಿನ ಸಾಲಿನ ಅಜ್ಜ ತೆಲುಗಿನಲ್ಲಿ ಕೂಗಿದ, ಬ್ಯಾಟರಿ ಮುಗಿದವೆಂದು. ಹಿಂದಿನಿಂದ ನಮ್ಮ ಕಡೆಯವನೊಬ್ಬ, "ಸೆಲ್ ವೀಕ್ ಆಗ್ಯಾವ್ರೋ, ಟೇಪ್ ಎಳ್ಯಾಕತ್ತೈತಿ!" ಎಂದ. ಎದುರಿಗೆ ನಾನು ಗಿಟಾರ್ ಹಿಡಿದು ಕುಳಿತಿದ್ದರೂ ಅದನ್ನು ಯಾರೂ ನಂಬಲಿಲ್ಲ. ಇವರು ಟೇಪ್ ಹಾಕಿ ನಟಿಸುತ್ತಿದ್ದಾರೆಂದು ಒಂದು ಗುಂಪು ತೀರ್ಮಾನಿಸಿತು. ಜನರೇಟರಿನವನು ವೋಲ್ಟೇಜ್ ಬಿತ್ತೆಂದು ಓಡಿಹೋಗಿ ರೇಸ್ ಕೊಟ್ಟ. ಯಜಮಾನರು ಹಾಡುತ್ತಲೇ ನನ್ನನ್ನು ಸುಡುವಂತೆ ನೋಡಿದರು. ಇಪ್ಪತ್ತು ವರ್ಷ ಸೆಲ್ ಹೋದ ಟೇಪ್ ರೆಕಾರ್ಡರಿನಲ್ಲಿ ಹಾಡು ಕೇಳಿದ ಸೀಮೆ ಇದು. ಸ್ವರ ತೂಗಿದರೆ ಅದಕ್ಕೆ ಒಂದೇ ಅರ್ಥ ಎಂದು ನನಗೇಕೆ ಹೊಳೆಯಲಿಲ್ಲವೋ!

ಅಷ್ಟರಲ್ಲಿ ಯಾರೋ ಕಾಕಾನನ್ನು ಕಂಡರು. "ಕಾಕಾ ಅದಾರ! ಕಾಕಾ, ಸ್ವಲ್ಪ ನೋಡ್ರಿ!" ಎಂದು ಅವರನ್ನು ಎಬ್ಬಿಸಿ ವೇದಿಕೆಗೆ ಕಳಿಸಿದರು. ನನ್ನ ಮರ್ಯಾದೆ ಆಗ ಪೂರಾ ಅವರ ಕೈಯಲ್ಲಿತ್ತು. ಇದು ಕೆಟ್ಟದ್ದಲ್ಲ, ಮಾಸ್ತರರು ಬೇಕೆಂದೇ ಹೀಗೆ ಮಾಡಿದ್ದು ಎಂದು ಒಂದು ಮಾತು ಅಂದಿದ್ದರೆ ಊರು ವರ್ಷವಿಡೀ ನಗುತ್ತಿತ್ತು. ಕಾಕಾ ಗಂಭೀರವಾಗಿ ಮೇಲೆ ಬಂದರು. ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದು, ನನ್ನ ಕಾಲಬಳಿ ಮಂಡಿಯೂರಿ, ಬಗ್ಗಿ, ಯಾರಿಗೂ ಕಾಣದಂತೆ ಮೂರು ಗುಂಡಿಗಳನ್ನು ಬೆರಳಿನಿಂದ ತಿರುಗಿಸಿದರು. "ಬಾರಸ್ರಿ," ಎಂದು ಪಿಸುಗುಟ್ಟಿದರು. ಬಾರಿಸಿದೆ. ಅಲೆ ಇದೆಯೋ ಇಲ್ಲವೋ ಎಂಬಷ್ಟು. ತಂತಿ ಮಾತ್ರ ಹಸಿಯಾಗಿ, ತುಂಬಿಕೊಂಡು ನುಡಿಯಿತು. ಕಾಕಾ ಎದ್ದು ಜನರತ್ತ ಸ್ಕ್ರೂಡ್ರೈವರ್ ಎತ್ತಿ ತೋರಿಸಿ, "ಆತ್ರಿ, ಛಲೋ ಆತು," ಎಂದರು. ಆ ಇಡೀ ಕಾರ್ಯಕ್ರಮದಲ್ಲಿ ಬಿದ್ದ ದೊಡ್ಡ ಚಪ್ಪಾಳೆ ಅದೇ.

ಮರುದಿನ ಅವರು ಮಗಳ ಉಗುರುಬಣ್ಣದ ಶೀಶೆ ತಂದು, ಗುಂಡಿಗಳು ನಿಂತಿದ್ದ ಜಾಗಕ್ಕೆ ಕೆಂಪು ಚುಕ್ಕಿ ಇಟ್ಟರು. ಮೆಕ್ಯಾನಿಕರ ರೂಢಿ ಅದು. ಒಮ್ಮೆ ಸರಿಹೊಂದಿಸಿದ ಸ್ಕ್ರೂ ಅಲ್ಲಾಡದಿರಲಿ ಎಂದು ಉಗುರುಬಣ್ಣ ಹಚ್ಚುತ್ತಾರೆ.

"ಹಂಗಾರ ತಗೊಳ್ಳಲೇನ್ರಿ ಕಾಕಾ?"

"ಕುಷ್ಟಗಿ ಆಗಲಿ."

ಕುಷ್ಟಗಿ ನನ್ನೂರು. ಕಾಲೇಜಿನ ಗ್ಯಾದರಿಂಗ್, ಬಯಲಿನಲ್ಲಿ ಶಾಮಿಯಾನ. ಗೋಡೆಯಿಲ್ಲ, ಗಿಡವಿಲ್ಲ, ಸ್ವರ ಹೊರಟಿದ್ದೇ ಹೊರಟು ಹೋಗುವ ಊರು. ಕಾಕಾ ಅವತ್ತೂ ಬಂದಿದ್ದರು. ಬರುವಾಗ ಟೆಂಪೋದಲ್ಲಿ ನನ್ನ ಕಿವಿಯಲ್ಲಿ ಒಂದು ಮಾತು ಹೇಳಿದ್ದರು: "ಎಲ್ಲಾ ಹಾಡಿಗೂ ಚಾಲೂ ಇಡ್ರಿ, ಕೆಂಪು ಚುಕ್ಕಿ ಮ್ಯಾಲೆ. ನಾಕನೇ ಹಾಡಿನ ಎರಡನೇ ಚರಣದಾಗ ಬಂದ್ ಮಾಡ್ರಿ. ಯಾರಿಗೂ ಹೇಳಬ್ಯಾಡ್ರಿ." ನಾನು ಹಾಗೆಯೇ ಮಾಡಿದೆ. ಬಂದ್ ಮಾಡಿದ್ದೇ ತಡ, ಹಾಡುತ್ತಿದ್ದ ಯಜಮಾನರು ಗಕ್ಕನೆ ನನ್ನತ್ತ ತಿರುಗಿದರು. ಕಾರ್ಯಕ್ರಮ ಮುಗಿದ ಮೇಲೆ ಅವರೇ ಬಂದರು.

"ಎರಡನೇ ಚರಣದಾಗ ಏನಾಗಿತ್ರಿ ಮಾಸ್ತರ? ಹಾಡು ಒಮ್ಮಿಂದೊಮ್ಮೆ ಒಣಾ ಒಣಾ ಅನ್ನಿಸ್ತು. ಯಾರೋ ಎದ್ದು ಹ್ವಾದಂಗ ಆತು."

"ಹೌದ್ರಿ?" ಎಂದೆ.

"ಮುಂದಿನ ವಾರ ಕೊಪ್ಪಳ ಐತಿ. ಲಗೂನ ಬರ್ರಿ."

ಅಷ್ಟೇ. ನನ್ನ ಕುರ್ಚಿ ಉಳಿಯಿತು. ಶಾಮಿಯಾನದ ಹಿಂದೆ ದಾಳಿಂಬೆ ಕಾಳು ಬಾಯಿಗೆ ಹಾಕಿಕೊಳ್ಳುತ್ತ ನಿಂತಿದ್ದ ಕಾಕಾ ನನ್ನ ಮುಖ ನೋಡಿಯೇ ತಿಳಿದುಕೊಂಡರು. "ತಗೋರಿ," ಎಂದರು. "ಚಾಲೂ ಮಾಡಿದಾಗ ಏನೋ ಬಂತು ಅನ್ನಿಸಿದ್ರ ಅಂಥದ್ದು ತಗೋಬಾರದು. ಬಂದ್ ಮಾಡಿದಾಗ ಏನೋ ಹೋತು ಅನ್ನಿಸಿದ್ರ ತಗೋಬೇಕು."

"ಹನ್ನೊಂದರಾಗ ನಾ ಬಾರಿಸೂದು ಒಂದ ಆತಲ್ರಿ. ಒಂದರ ಸಲುವಾಗಿ ಇಷ್ಟು ರೊಕ್ಕಾ?"

"ಒಂದಲ್ಲ, ಎರಡು. ಒಂದು ನಿಮ್ಮದು, ಒಂದು ನಂದು," ಎಂದು ಬಾಯಲ್ಲಿದ್ದ ಬೀಜ ಉಗುಳಿದರು.

ಪೆಡಲ್ ಕೊಂಡೆ. ಹನ್ನೆರಡು ವರ್ಷ ಕೆಂಪು ಚುಕ್ಕಿಯ ಮೇಲೆ ಬಾರಿಸಿದೆ. ಅದು ಪೆಡಲ್ಲಿನ ಸ್ವರವೆಂದು ಯಾರೂ ಗುರುತಿಸಲಿಲ್ಲ. ಮಾಸ್ತರರ ಕೈ ಮೆತ್ತಗೆ ಎಂದರು. ನಾನು ಬೇರೆ ಬೇರೆ ಪೆಡಲ್ಲುಗಳನ್ನು ಆಮೇಲೆ ನೋಡಿದ್ದೇನೆ, ಕೊಂಡಿದ್ದೇನೆ, ಮಾರಿದ್ದೇನೆ. ಪ್ರತಿ ಸಲವೂ ಚಾಲೂ ಮಾಡಿ ನೋಡುವುದಿಲ್ಲ, ಬಂದ್ ಮಾಡಿ ನೋಡುತ್ತೇನೆ. ಜೀವನದಲ್ಲಿ ಬೇರೆ ಕೆಲವು ಸಂಗತಿಗಳನ್ನೂ ಹಾಗೆಯೇ ಅಳೆದಿದ್ದೇನೆ, ಮೋಸ ಹೋಗಿಲ್ಲ. ಬಿಳಿ ಚುಕ್ಕಿಯ ಬಗ್ಗೆ ಎರಡು ಸಲ ಕೇಳಿದ್ದೆ. ಎರಡೂ ಸಲ ಕಾಕಾ ಕೇಳಿಸದವರಂತೆ ಇದ್ದರು. ಆ ಕಿವಿಗೆ ಕೇಳಿಸಲಿಲ್ಲವೆಂದರೆ ನಂಬುವವರು ಯಾರು?

ಈ ನಡುವೆ ಕಾಲ ತನ್ನ ಕೆಲಸ ಮಾಡಿತು. ಸಿ.ಡಿ. ಬಂತು, ಮೊಬೈಲ್ ಬಂತು. ಟೇಪ್ ರೆಕಾರ್ಡರುಗಳು ಮೊದಲು ಕಪಾಟಿನ ಮೇಲೆ, ಆಮೇಲೆ ಗುಜರಿಗೆ ಹೋದವು. ಕಾಕಾ ಕೆಲ ವರ್ಷ ಮಿಕ್ಸಿ, ಫ್ಯಾನ್ ರಿಪೇರಿ ಮಾಡಿದರು. "ಇವು ಅಲ್ಲಾಡಿದ್ರೂ ಯಾರೂ ಕೇಳಂಗಿಲ್ರಿ," ಎಂದು ಅಂಗಡಿ ಮುಚ್ಚಿ, ಯಲಬುರ್ಗಾ ಕಡೆಯ ತಮ್ಮ ಹುಟ್ಟೂರಿಗೆ, ಅಕ್ಕನ ಮನೆಗೆ ಹೋದರು. ಗಂಗಾವತಿಗೆ ಬಂದಾಗ ಶಾಲೆಯ ಗೇಟಿನ ಬಳಿ ನಿಂತು, ಇವತ್ತು ಯಾರ ಕಿವಿ ಹಿಂಡಿದಿರಿ ಎಂದು ಕೇಳಿ ಹೋಗುತ್ತಿದ್ದರು.

ಕೊರೊನಾ ಕಳೆದ ಮೇಲೆ ಒಂದು ದಿನ ಅವರ ಫೋನ್ ಬಂತು. "ಆ ಡಬ್ಬಿ ಐತೇನ್ರಿ ಮಾಸ್ತರ? ಬಿಳಿ ಚುಕ್ಕಿ ಅಳಿಸಿಲ್ಲಲ್ಲ? ಒಮ್ಮೆ ತಗೊಂಡು ಬರ್ರಿ." ಗಿಟಾರ್, ಡಬ್ಬಿ, ಸೆಲ್ ಹಾಕುವ ಸಣ್ಣ ಸ್ಪೀಕರು ಹೊತ್ತುಕೊಂಡು ಹೋದೆ. ಪಡಸಾಲೆಯಲ್ಲಿ ಅವರ ಅಕ್ಕ ಮೊರದಲ್ಲಿ ಜೋಳ ಹಸನು ಮಾಡುತ್ತ ಕುಳಿತಿದ್ದರು. ಎಂಬತ್ತು ದಾಟಿದ ಜೀವ, ಬಾಯಲ್ಲಿ ಹಲ್ಲಿಲ್ಲ, ಕಿವಿ ಮಾತ್ರ ತಮ್ಮನಷ್ಟೇ ಚುರುಕು. ತಾಯಿ ಸತ್ತ ಮೇಲೆ ಕಾಕಾನನ್ನು ಎತ್ತಿ ಬೆಳೆಸಿದವರು ಅವರೇ.

ಅಂದು ಹಿತ್ತಲ ಬೇವಿನ ಮರದ ಕೆಳಗೆ ಕಾಕಾ ಬಿಳಿ ಚು‌ಕ್ಕಿಯ ಕಥೆ ಹೇಳಿದರು. ಹತ್ತೊಂಬತ್ತರ ವಯಸ್ಸಿನಲ್ಲಿ ಕೊಪ್ಪಳದ ಒಂದು ಅಂಗಡಿಯಲ್ಲಿ ಕೆಲಸ ಕಲಿಯುವಾಗ, ಗಿರಾಕಿಯೊಬ್ಬರ ಟೇಪ್ ರೆಕಾರ್ಡರನ್ನು ಕೇಳದೆ ಒಂದು ದಿನದ ಮಟ್ಟಿಗೆ ಊರಿಗೆ ತಂದಿದ್ದರಂತೆ. ಅಕ್ಕ ಬೀಸುವಾಗ ಹೇಳುವ ಪದವನ್ನು ತುಂಬಿಸಿಕೊಳ್ಳುವ ಆಸೆ. ಆದರೆ ಮಷೀನು ಬಂದಿದೆಯೆಂದು ಊರೆಲ್ಲ ನೆರೆದಿತ್ತು. ಹಮ್ಮಿಗೆ ಬಿದ್ದು ಮುಂಜಾನೆಯಿಂದ ಸಂಜೆವರೆಗೆ ಸಿನಿಮಾ ಹಾಡು ಹಾಕಿದರು. ಅಕ್ಕ ಬೀಸಲು ಕೂರುವ ಹೊತ್ತಿಗೆ ಸೆಲ್ಲು ಸೋತಿದ್ದವು. ಪದ ತುಂಬಿತು, ನಡುಕವೂ ತುಂಬಿತು.

"ಮಷೀನಿನಾಗ ನಡುಕಾ ಇದ್ರ ತಗೀಬಹುದ್ರಿ. ಅದು ಟೇಪಿನೊಳಗ ಹೋಗಿ ಕುಂತಿತ್ತು," ಎಂದರು ಕಾಕಾ. "ಮತ್ತೊಮ್ಮೆ ತುಂಬಸೂಣು ಅನ್ನೂದ್ರಾಗ ಊರಿಗೆ ಹಿಟ್ಟಿನ ಗಿರಣಿ ಬಂತು. ಬೀಸೂಕಲ್ಲು ಮೂಲಿಗೆ ಹೋತು. ಹಾಡಬೇ ಅಕ್ಕಾ ಅಂದ್ರ, ಕಲ್ಲು ತಿರುಗದ ಪದಾ ಬಾಯಿಗೆ ಬರಂಗಿಲ್ಲೋ ತಮ್ಮಾ ಅಂತಾಳ. ಇವತ್ತಿಗೂ ಹಂಗ ಅಂತಾಳ. ಆ ಕ್ಯಾಸೆಟ್ಟಿನ ಹರಿದ ಟೇಪನ್ನ ಎಷ್ಟು ಸಲ ಜೋಡಿಸೀನಿ! ಕಡೀಕ ಬೂಷ್ಟು ಹಿಡಿದು ಹೋತು. ನೀವು ಡಬ್ಬಿ ತಂದ್ರಲ್ಲ, ಅದರ ಹಿಂದಿನ ವರ್ಷ."

ನಾನು ಬಿಳಿ ಚುಕ್ಕಿಯನ್ನು ಬೆರಳಿನಿಂದ ಮುಟ್ಟಿ ನೋಡಿದೆ. ಜೀವಮಾನವಿಡೀ ಅವರು ಮಂದಿಯ ಮಷೀನಿನಲ್ಲಿ ತೆಗೆದದ್ದು ಆ ಒಂದು ದಿನದ ನಡುಕವನ್ನು. ಅದು ಆ ಭಾನುವಾರ ನನ್ನ ಡಬ್ಬಿಯಿಂದ ಹೊರಗೆ ಬಂದಾಗ ಅವರು ಎದ್ದು ಹೋಗಿ ಚಹಾ ಅಂಗಡಿಯ ಮುಂದೆ ನಿಂತಿದ್ದರು.

ಕಾಕಾ ಬಾಯಲ್ಲಿ ಧಾಟಿ ಗುನುಗಿದರು. ನಾನು ತಂತಿಯ ಮೇಲೆ ಹುಡುಕಿಕೊಂಡೆ. ಪಡಸಾಲೆಗೆ ಬಂದು, ಡಬ್ಬಿಗೆ ಹೊಸ ಸೆಲ್ ಹಾಕಿ, ಮೂರೂ ಗುಂಡಿಗಳನ್ನು ಬಿಳಿ ಚುಕ್ಕಿಗೆ ತಂದು ಬಾರಿಸಿದೆ. ಸ್ವರ ಓಲಾಡುತ್ತ ಹೊರಟಿತು. ಕಾಕಾ ಕಂಬಕ್ಕೆ ಒರಗಿ, ಕಣ್ಣು ಮುಚ್ಚಿ, ಕುತ್ತಿಗೆಯನ್ನು ಎಡಕ್ಕೆ ವಾಲಿಸಿದ್ದರು. ಹುಬ್ಬು ಗಂಟಾಗಿರಲಿಲ್ಲ. ಅಕ್ಕನ ಕೈ ಜೋಳದ ಮೇಲೆ ನಿಂತಿತು. ಆಮೇಲೆ ಆ ಕೈ ಮೊರದೊಳಗೆ ಮೆಲ್ಲಗೆ ಸುತ್ತು ತಿರುಗತೊಡಗಿತು. ಹಾಗೆ ಬೀಸುತ್ತಲೇ ಅವರು ತಮ್ಮನತ್ತ ನೋಡಿ ಹೇಳಿದರು:

"ಏ ತಮ್ಮಾ, ಸೆಲ್ ಸೋತಾವ ನೋಡೋ. ಎಳ್ಯಾಕತ್ತೈತಿ."

ಅಭ್ಯಾಸಬಲದಿಂದ ನಾನು ಕಾಕಾನ ಜೇಬಿನ ಕಡೆ ನೋಡಿದೆ. ಸ್ಕ್ರೂಡ್ರೈವರ್ ಅಲ್ಲೇ ಇತ್ತು. ಅವರು ಕಣ್ಣು ತೆರೆಯಲಿಲ್ಲ.

"ಇರಲಿ ಬಿಡಬೇ ಅಕ್ಕಾ," ಎಂದರು. "ಹಂಗ ಇರಲಿ."